ಹುಸೇನ್‌ಸಾಬರ ಎಡಗಾಲು

ಕ್ಲಚ್ ಬಿಗಿಯಾಗಿದೆ ಎಂದು ಯಾರಾದರೂ ಹಳೆಯ ಕಾರು ತಂದು ನಿಲ್ಲಿಸಿದರೆ ಕೂಡಲೇ ಪಾನಾ ಹಿಡಿದು ಗಾಡಿಯ ಕೆಳಗೆ ನುಗ್ಗಬೇಡಿ. ಮೊದಲು ಪೆಡಲಿನ ಹಿಂದಿನ ಮ್ಯಾಟ್ ಸರಿಸಿ ನೋಡಿ. ನಗಬೇಡಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಒಬ್ಬ ವಕೀಲರ ಗಾಡಿಯ ಗೇರ್‌ಬಾಕ್ಸನ್ನೇ ಕೆಳಗಿಳಿಸಿ, ಕ್ಲಚ್ ಪ್ಲೇಟು ಬಿಚ್ಚಿ, ದೋಷ ಸಿಗದೆ ಬೆವರುತ್ತ ಕೂತಿದ್ದೆ. ನಮ್ಮ ಉಸ್ತಾದ್ ಹುಸೇನ್‌ಸಾಬರು ಬಂದು ಬಾಗಿಲು ತೆರೆದು, ಪೆಡಲಿನ ಹಿಂದೆ ಮಡಚಿ ಸಿಕ್ಕಿಬಿದ್ದಿದ್ದ ನಾರಿನ ಮ್ಯಾಟನ್ನು ಎರಡು ಬೆರಳಲ್ಲಿ ಎಳೆದು ತೆಗೆದರು. ಬೈಯಲಿಲ್ಲ. ಮ್ಯಾಟನ್ನು ಝಾಡಿಸಿ, ವಕೀಲರ ಎದುರಿಗೇ ನನ್ನ ಹೆಗಲಿಗೆ ಶಾಲಿನ ಹಾಗೆ ಹೊದಿಸಿದರು.

“ಅಮರಪ್ಪಗ ಸನ್ಮಾನ ಮಾಡೀನ್ರಿ ವಕೀಲ್ ಸಾಬ್. ಚಪ್ಪಾಳಿ ಹೊಡೀರಿ.”

ವಕೀಲರು ಹೊಡೆದೇಬಿಟ್ಟರು. ಅಂದು ಭೂಮಿ ಬಾಯಿ ಬಿಟ್ಟಿದ್ದರೆ ಒಳಗೆ ಹೋಗಿಬಿಡುತ್ತಿದ್ದೆ. ಈಗ ನೆನೆದರೆ ಅದು ಬಹಳ ಚಿಕ್ಕ ನಾಚಿಕೆ. ದೊಡ್ಡದು ಮುಂದೆ ಕಾದಿತ್ತು.

ಐಟಿಐ ಮುಗಿಸಿ ಹೈದರಾಬಾದಿಗೆ ಬಂದು ಗ್ಯಾರೇಜು ಸೇರುವ ನಮ್ಮ ರಾಯಚೂರು ಕಡೆಯ ಹುಡುಗರು, “ಕಾಕಾ, ನಿಮ್ಮ ಅನುಭವ ಏನರ ಬರಕೊಡ್ರಿ” ಎಂದು ಬೆನ್ನು ಹತ್ತಿದ್ದಾರೆ. ನಾನು ಹೆಡ್ ಮೆಕ್ಯಾನಿಕ್ ಆದದ್ದು, ಮುಂದೆ ಗ್ಯಾರೇಜನ್ನೇ ನಡೆಸಿದ್ದು, ಅದೆಲ್ಲ ಬರೆಯುವಂಥ ಸಂಗತಿಯಲ್ಲ. ಗಟ್ಟಿಯಾಗಿ ಕೂತವನಿಗೆ ಕುರ್ಚಿ ತಾನೇ ಸಿಗುತ್ತದೆ. ಬರೆಯಬೇಕಾದ್ದು ಹುಸೇನ್‌ಸಾಬರ ಎಡಗಾಲಿನ ವಿಷಯ. ನಮ್ಮ ಗ್ಯಾರೇಜು ನಿಂತಿದ್ದೇ ಆ ಕಾಲಿನ ಮೇಲೆ. ಅದನ್ನು ಉಳಿಸಬಹುದಾಗಿದ್ದ ಒಬ್ಬನೇ ಒಬ್ಬ ನಾನು.

ಹುಸೇನ್‌ಸಾಬರು ಮುದಗಲ್ಲಿನವರು, ನಾನು ಲಿಂಗಸೂಗೂರಿನ ಹತ್ತಿರದವನು. ಹಾಗಾಗಿ ಗಿರಾಕಿಗಳೊಂದಿಗೆ ತೆಲುಗು, ಹಿಂದಿ ಏನೇ ಇದ್ದರೂ ನಮ್ಮಿಬ್ಬರ ನಡುವೆ ಊರ ಕನ್ನಡವೇ. ಹೈದರಾಬಾದಿನ ಮೆಹದಿಪಟ್ಟಣದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವರ ಗ್ಯಾರೇಜು. ಗಾಡಿ ಬಂದರೆ ಅವರು ಮೊದಲು ಚಪ್ಪಲಿ ಕಳಚುತ್ತಿದ್ದರು. ಚಾಲಕನ ಸೀಟಿನಲ್ಲಿ ಕೂತು, ಬರಿಗಾಲನ್ನು ಕ್ಲಚ್ ಪೆಡಲಿನ ಮೇಲಿಟ್ಟು, ಕಣ್ಣು ಮುಚ್ಚಿ ಮೆಲ್ಲಗೆ ಒತ್ತುತ್ತಿದ್ದರು. ನಾವೆಲ್ಲ ಸುತ್ತ ನಿಂತು ಅವರ ಮುಖ ನೋಡುತ್ತಿದ್ದೆವು. ಕಾಲಿಗೆ ಕರಕರ ಎಂದರೆ ಕೇಬಲ್. ಉದ್ದಕ್ಕೂ ಒಂದೇ ಸಮ ಭಾರವಾಗಿದ್ದರೆ ಒಳಗಿನ ಪ್ರೆಶರ್ ಪ್ಲೇಟ್. ಜುಮುಜುಮು ಎಂದರೆ ಬೇರಿಂಗ್. ಕಣ್ಣು ತೆರೆದು ಹೇಳಿದರೆಂದರೆ ಮುಗಿಯಿತು. ಬಿಚ್ಚಿ ನೋಡಿದಾಗ ಅದೇ ಇರುತ್ತಿತ್ತು.

ನಮ್ಮಲ್ಲಿ ಒಂದು ರೂಢಿ ಇತ್ತು. ಉಸ್ತಾದ್ ಕಾಲಿಟ್ಟು ಹೇಳಿದ ಮೇಲೆ ಶಾಗಿರ್ದ, ಅಂದರೆ ಶಿಷ್ಯ, ಆ ಪೆಡಲಿನ ಮೇಲೆ ಕಾಲಿಡಬಾರದು. ಇಟ್ಟರೆ ಗುರುವನ್ನು ಪರೀಕ್ಷೆ ಮಾಡಿದ ಹಾಗೆ. ಯಾರೂ ಬರೆದಿಟ್ಟ ನಿಯಮವಲ್ಲ, ಆದರೆ ಯಾರೂ ಮುರಿದದ್ದಿಲ್ಲ. ನಾನೂ ಮುರಿಯಲಿಲ್ಲ, ಹೆಮ್ಮೆಯಿಂದ.

ಆಮೇಲೆ ನಗರದ ಅಂಚಿನ ಕೊಂಡಾಪುರದ ಕಡೆ ಗಾಜಿನ ಕಟ್ಟಡಗಳು ಎದ್ದವು. ನಿನ್ನೆ ಬಂಡೆ, ಕುರುಚಲು ಇದ್ದ ಜಾಗದಲ್ಲಿ ಇಂದು ಆಫೀಸು, ನಾಳೆ ಅಪಾರ್ಟ್‌ಮೆಂಟು. ಉಸ್ತಾದರು ಕಾಲ ನೋಡಿ ಗ್ಯಾರೇಜನ್ನು ಅಲ್ಲಿಯ ಒಂದು ಖಾಲಿ ಪ್ಲಾಟಿಗೆ ಸಾಗಿಸಿದರು. ತಗಡಿನ ಶೆಡ್ಡು, ಪಕ್ಕದಲ್ಲೇ ಏಳುತ್ತಿರುವ ಕಟ್ಟಡ. ಗೋಡೆಯಾಚೆ ಸಿಮೆಂಟ್ ಹೊರುತ್ತಿದ್ದವರು ದೇವದುರ್ಗ, ಸುರಪುರದ ಮಂದಿ. ಊಟದ ಹೊತ್ತಿಗೆ ಆ ಕಡೆಯಿಂದ ಬರುವ ಮಾತು ಕೇಳಿದರೆ ಊರ ಸಂತೆಯಲ್ಲಿದ್ದ ಹಾಗೆ ಆಗುತ್ತಿತ್ತು.

ಗಿರಾಕಿಗಳೂ ಬದಲಾದರು. ಕೊರಳಿಗೆ ಕಂಪನಿಯ ಪಟ್ಟಿ ಹಾಕಿಕೊಂಡ ಹುಡುಗರು ಕೈ ಬದಲಾದ ಹಳೆಯ ಕಾರು ಕೊಂಡು ಬರುತ್ತಿದ್ದರು. ಟ್ರಾಫಿಕ್ಕಿನಲ್ಲಿ ಕ್ಲಚ್ ಮೇಲಿನ ಕಾಲು ತೆಗೆಯದೆ ಓಡಿಸುವುದು ಅವರ ಪದ್ಧತಿ. ಅವರಿಗೆ ರೋಗ ಯಾವುದು ಎಂಬ ಕುತೂಹಲವಿಲ್ಲ. “ಅಂಕಲ್, ಪೂರಾ ಸೆಟ್ ಬದಲ್ ದೋ, ಶನಿವಾರ ಬೇಕು” ಎನ್ನುವರು. ದೊಡ್ಡ ಸರ್ವಿಸ್ ಸೆಂಟರುಗಳಲ್ಲಿ ಕಂಪ್ಯೂಟರಿಗೆ ತಂತಿ ಚುಚ್ಚಿ ನೋಡುವ ಕಾಲ ಶುರುವಾಗಿತ್ತು. ನಮ್ಮಲ್ಲಿ ಮಾತ್ರ ಹುಸೇನ್‌ಸಾಬರ ಎಡಗಾಲು.

ಆ ದಿನಗಳಲ್ಲೇ ಉಸ್ತಾದರು ಬಂದ ಬಂದ ಗಾಡಿಗೆಲ್ಲ ಬೇರಿಂಗ್ ಎನ್ನತೊಡಗಿದರು.

“ಜುಮ್ ಅನ್ನಾಕತ್ತೈತಿ. ಬೇರಿಂಗ್ ಹೋಗೈತಿ. ಗೇರ್‌ಬಾಕ್ಸ್ ಇಳಸು ಅಮರಾ.”

ಇಳಿಸಿ ನೋಡಿದರೆ ಬೇರಿಂಗ್ ಹೊಸದರಂತೆ ತಿರುಗುತ್ತಿತ್ತು. ಒಂದು ಗಾಡಿಯಾದರೆ ತಪ್ಪಿರಬಹುದು ಎನ್ನೋಣ. ಮತ್ತೊಂದು, ಮಗದೊಂದು. ನನಗೆ ಆಗ ಬಂದ ಯೋಚನೆಯನ್ನು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ. ಐಟಿ ಹುಡುಗರ ಜೇಬು ನೋಡಿ ಉಸ್ತಾದರ ನಿಯತ್ತು ಕೆಟ್ಟಿತು ಎಂದುಕೊಂಡೆ. ಗೇರ್‌ಬಾಕ್ಸ್ ಇಳಿಸುವುದು ದೊಡ್ಡ ಕೆಲಸ, ದೊಡ್ಡ ಬಿಲ್ಲು. ಬಡವರ ಗಾಡಿಯನ್ನು ಪುಕ್ಕಟೆ ರಿಪೇರಿ ಮಾಡಿಕೊಟ್ಟು ಕಳಿಸಿದ ಮನುಷ್ಯನ ಬಗ್ಗೆ, ನನಗೆ ಅನ್ನ ಮತ್ತು ವಿದ್ಯೆ ಎರಡನ್ನೂ ಕೊಟ್ಟವರ ಬಗ್ಗೆ ನಾನು ಹಾಗೆ ಎಣಿಸಿದೆ.

ಎಣಿಸಿದ್ದನ್ನು ಬಾಯಿ ಬಿಟ್ಟು ಕೇಳಲಿಲ್ಲ. ಗುರುವಿಗೇ ತಿರುಮಂತ್ರ ಹೇಳುವುದು ಹೇಗೆ? ಅದರ ಬದಲು ಜಾಣತನ ಹೂಡಿದೆ. ಅವರು ಊಟಕ್ಕೋ ನಮಾಜಿಗೋ ಹೋದಾಗ ಗಾಡಿಯನ್ನು ಶೆಡ್ಡಿನ ಗೋಡೆಯ ಹಿಂದಕ್ಕೆ ಸರಿಸಿ, ಗೇರ್‌ಬಾಕ್ಸಿನ ಮೇಲಿನ ಲಿವರಿನಿಂದ ಕೇಬಲಿನ ತುದಿ ಬಿಚ್ಚಿ, ಪೆಡಲನ್ನು ಕೈಯಿಂದ ಒತ್ತಿ ನೋಡುತ್ತಿದ್ದೆ. ಕಾಲಿಡಬಾರದು ಎಂದಿತ್ತೇ ಹೊರತು ಕೈಯಿಡಬಾರದು ಎಂದಿರಲಿಲ್ಲವಲ್ಲ! ಇದನ್ನು ನೀವೂ ಕಲಿಯಿರಿ. ಕೇಬಲ್ ಬಿಚ್ಚಿದ ಮೇಲೂ ಪೆಡಲ್ ಬಿಗಿಯಾಗಿದ್ದರೆ ದೋಷ ಕೇಬಲಿನದು ಇಲ್ಲವೆ ಪೆಡಲಿನ ಕೀಲಿನದು. ಹಗುರವಾದರೆ ರೋಗ ಒಳಗಿದೆ. ಅಗ್ಗದ್ದನ್ನು ಮೊದಲು ನೋಡಿ, ಗೇರ್‌ಬಾಕ್ಸಿಗೆ ಕೊನೆಯಲ್ಲಿ ಕೈ ಹಾಕಿ. ಹೀಗೆ ನಾನು ನಿಜವಾದ ದೋಷ ಹುಡುಕಿ ಸರಿಪಡಿಸಿ, “ನೀವು ಹೇಳಿದಂಗ ಆತ್ರಿ ಉಸ್ತಾದ್” ಎಂದು ಒಪ್ಪಿಸುತ್ತಿದ್ದೆ. ಅವರು ತಲೆಯಾಡಿಸಿ ಚಹಾ ತರಿಸುತ್ತಿದ್ದರು. ಗುರುವಿನ ಮಾನ ಕಾಯುತ್ತಿದ್ದೇನೆಂದು ಒಳಗೊಳಗೆ ಬೀಗುತ್ತಿದ್ದೆ.

ಕೆಲವು ತಿಂಗಳು ಕಳೆದ ಮೇಲೆ ಬೇರಿಂಗಿನ ಮಾತು ನಿಂತಿತು. ಈಗ ಯಾವ ಗಾಡಿಗೆ ಕಾಲಿಟ್ಟರೂ “ಬೆಣ್ಣಿ ಹಂಗ ಐತಿ” ಎನ್ನತೊಡಗಿದರು. ಕಿರುಗುಟ್ಟುವ ಪೆಡಲಿಗೂ ಬೆಣ್ಣೆ, ಕಲ್ಲಿನಂಥ ಪೆಡಲಿಗೂ ಬೆಣ್ಣೆ. ನಿಯತ್ತು ಕೆಟ್ಟವರಾದರೆ ಹೀಗೇಕೆ ಗಿರಾಕಿಯನ್ನು ಬಿಲ್ಲೇ ಇಲ್ಲದೆ ಕಳಿಸುತ್ತಾರೆ ಎಂದು ಒಂದು ಕ್ಷಣವಾದರೂ ಯೋಚಿಸಿದೆನೆ? ಇಲ್ಲ. ವಯಸ್ಸಾಯಿತು, ಸೊಕ್ಕು ಬಂತು, ಗಿರಾಕಿಯ ಮಾತು ಕಿವಿಗೆ ಹಾಕಿಕೊಳ್ಳುತ್ತಿಲ್ಲ ಎಂದುಕೊಂಡೆ. ಗಿರಾಕಿಗಳು ಬಿಟ್ಟುಹೋದ ಗಾಡಿಗಳಿಗೆ ಗೋಡೆಯ ಹಿಂದಿನ ನನ್ನ ರಿಪೇರಿ ಮುಂದುವರಿಯಿತು.

ಇದರ ನಡುವೆ ಒಂದು ದಿನ ಸೈಲೆನ್ಸರ್ ಪೈಪಿಗೆ ವೆಲ್ಡಿಂಗ್ ಮಾಡಿ ನೆಲದ ಮೇಲೆ ಆರಲು ಇಟ್ಟಿದ್ದೆವು. ಉಸ್ತಾದರು ಫೋನಿನಲ್ಲಿ ಮಾತಾಡುತ್ತ ಬಂದು ಬರಿಗಾಲಲ್ಲಿ ಅದರ ಮೇಲೇ ನಿಂತರು. ಚರ್ಮ ಸುಟ್ಟ ವಾಸನೆ ನಮಗೆ ಮೊದಲು ಬಂತು.

“ಉಸ್ತಾದ್, ಕಾಲು ಸುಡಾಕತ್ತೈತ್ರಿ!” ಎಂದು ಕೂಗಿದೆ.

ಅವರು ಬಾಗಿ ನೋಡಿ, ಕಾಲು ತೆಗೆದು, ನಕ್ಕರು. “ಮುದಗಲ್ ಮೊಹರಮ್ಮಿನಾಗ ಕೆಂಡ ಹಾದ ಕಾಲಲೇ ಇದು. ಪೈಪ್ ಏನ್ ಮಾಡ್ತೈತಿ?”

ನಾವು ಸಿಳ್ಳೆ ಹಾಕಿದೆವು. ಮುದಗಲ್ಲಿನ ಅಲಾಯಿ ಕುಣಿಯಲ್ಲಿ ಕೆಂಡ ಹಾಯುವವರನ್ನು ನಾನೂ ಹುಡುಗನಾಗಿದ್ದಾಗಿಂದ ನೋಡಿದವನೇ. ಹಿಂದೂ, ಮುಸಲ್ಮಾನ ಎನ್ನದೆ ಹಾಯುತ್ತಾರೆ. ಉಸ್ತಾದರು ಹರೆಯದಲ್ಲಿ ಹಾದವರು. ಅಂಥ ಕಾಲಿಗೆ ಸುಡುವುದಿಲ್ಲ ಎಂದು ನಾವು ನಂಬಿದೆವು; ಪಾಪ, ಅವರೂ ನಂಬಿದ್ದರು. ಊರಿಗೆ ಹೋದಾಗ ಈ ಕಥೆಗೆ ಉಪ್ಪುಖಾರ ಹಚ್ಚಿ ಹೇಳಿ ನಾಲ್ಕು ಜನರ ಮುಂದೆ ಮೆರೆದೆ. ಸುಟ್ಟ ಗಾಯ ಬಹಳ ದಿನ ಮಾಯಲಿಲ್ಲ ಎಂಬುದನ್ನು ಮಾತ್ರ ಯಾರಿಗೂ ಹೇಳಲಿಲ್ಲ. ಅದು ಕಥೆಗೆ ಒಗ್ಗುತ್ತಿರಲಿಲ್ಲ.

ನಳಿನಿಬಾಯಿಯವರು ಬಂದದ್ದು ಆಮೇಲೆ. ಕಲಬುರಗಿ ಮೂಲದ ಮನೆತನ, ಅಜ್ಜನ ಕಾಲದಿಂದ ಇಲ್ಲೇ ಸರ್ಕಾರಿ ನೌಕರಿ. ಮೆಹದಿಪಟ್ಟಣದ ಕಾಲೊನಿಯಲ್ಲಿ ಮನೆ. ಅವರ ತಂದೆಯ ಚಿಕ್ಕ ಬಿಳಿ ಕಾರು ಮೊದಲಿನಿಂದ ಉಸ್ತಾದರ ಕೈಯಲ್ಲೇ ಪಳಗಿದ್ದು. ತಂದೆ ತೀರಿದ ಮೇಲೆ ಬಾಯಿಯವರೇ ಓಡಿಸುತ್ತಿದ್ದರು.

“ಕ್ಲಚ್ ಭಾಳ ಬಿಗಿ ಆಗ್ಯದ ನೋಡ್ರಿ ಹುಸೇನ್‌ಸಾಬ್. ಮೊಣಕಾಲು ಬಾತು ಬಂದದ.”

ಉಸ್ತಾದರು ಚಪ್ಪಲಿ ಕಳಚಿ ಕೂತರು. ಕಣ್ಣು ಮುಚ್ಚಿದರು. ಪೆಡಲ್ ಕೆಳಗಿಳಿಯುವಾಗ ಕೇಬಲ್ ಹೊದಿಕೆಯೊಳಗೆ ಉಜ್ಜಿದ ಸದ್ದು ದೂರ ನಿಂತ ನನಗೇ ಕೇಳಿಸಿತು.

“ಬೆಣ್ಣಿ ಹಂಗ ಐತ್ರಿ ಬಾಯಿಯವ್ರ. ಗಾಡಿಗೆ ಏನೂ ಆಗಿಲ್ಲ. ಮೊಣಕಾಲಿಗೆ ಎಣ್ಣಿ ಹಚ್ಚಿ ತಿಕ್ಕೋರಿ.”

“ಅಂದ್ರ ನನ್ನ ಕಾಲು ಸುಳ್ಳು ಹೇಳ್ತದೇನ್ರಿ?” ಎಂದು ಬಾಯಿಯವರು ನನ್ನ ಕಡೆ ತಿರುಗಿದರು. “ಅಮರಪ್ಪ, ನೀವರ ಒಮ್ಮೆ ಒತ್ತಿ ನೋಡ್ರಿ.”

ನಾನು ಕೈಯಲ್ಲಿದ್ದ ಬಟ್ಟೆಗೆ ಕೈ ಒರೆಸಿಕೊಳ್ಳುತ್ತ, “ಉಸ್ತಾದ್ ನೋಡ್ಯಾರಲ್ರಿ” ಎಂದೆ.

ಇಷ್ಟೇ ನಾನು ಆಡಿದ ಮಾತು. ಸುಳ್ಳೂ ಅಲ್ಲ. ಆದರೆ ಇಷ್ಟು ವರ್ಷಗಳಲ್ಲಿ ನಾನು ಆಡಿದ ಯಾವ ಸುಳ್ಳೂ ಈ ಮಾತಿನಷ್ಟು ನನ್ನನ್ನು ಸುಟ್ಟಿಲ್ಲ. ಗಾಡಿ ಬಿಟ್ಟು ಹೋಗುತ್ತಾರೆ, ಮಧ್ಯಾಹ್ನ ಗೋಡೆಯ ಹಿಂದೆ ಒಯ್ದು ಕೇಬಲ್ ಬದಲಿಸಿದರಾಯಿತು ಎಂದು ಲೆಕ್ಕ ಹಾಕಿದ್ದೆ. ಬಾಯಿಯವರು ಮುಖ ಬಿಗಿದುಕೊಂಡು ಗಾಡಿ ತೆಗೆದುಕೊಂಡೇ ಹೋದರು.

ಮುಂದಿನ ವಾರ ಮತ್ತೆ ಬಂದರು. “ಈಗ ನೀವು ನೋಡದಿದ್ರ ನಾ ಬ್ಯಾರೆ ಕಡೆ ಒಯ್ತೀನಿ” ಎಂದರು. ಉಸ್ತಾದರು ಬೇಸರಿಸಿಕೊಳ್ಳದೆ ಮತ್ತೆ ಕೂತು, ಒತ್ತಿ, ಬಿಟ್ಟು, ಮತ್ತೆ ಒತ್ತಿ, “ಬೆಣ್ಣಿ” ಎಂದು ಇಳಿದರು. ಬಾಯಿಯವರು ಸೀಟಿಗೆ ಹೋದವರು ಹಾಗೇ ನಿಂತರು.

“ಇದು ಯಾರ ರಕ್ತ?”

ಪೆಡಲಿನ ರಬ್ಬರು ಒದ್ದೆಯಾಗಿತ್ತು. ಮ್ಯಾಟಿನ ಮೇಲೆ ಕೆಂಪು ಹೆಜ್ಜೆ. ಅಲ್ಲಿಂದ ಉಸ್ತಾದರು ನಿಂತಲ್ಲಿಯವರೆಗೆ ನೆಲದ ಮೇಲೂ ಅದೇ ಹೆಜ್ಜೆ. ಉಸ್ತಾದರು ಬೇರೆ ಯಾರದೋ ಎಂಬಂತೆ ಸುತ್ತ ನೋಡಿದರು. ನಾನು ಅವರನ್ನು ಸ್ಟೂಲಿನ ಮೇಲೆ ಕೂರಿಸಿ ಪಾದ ಎತ್ತಿ ಹಿಡಿದೆ. ಅಂಗಾಲಿನಲ್ಲಿ ಒಂದು ತುಕ್ಕು ಹಿಡಿದ ಸ್ಕ್ರೂ ತಲೆಯವರೆಗೆ ಹೊಕ್ಕಿತ್ತು. ಇಂದಿನದಲ್ಲ. ಸುತ್ತಲಿನ ಚರ್ಮ ಕಪ್ಪಾಗಿತ್ತು, ವಾಸನೆ ಬರುತ್ತಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎನ್ನುತ್ತಾರೆ. ಅಂಗಾಲಿನ ಹುಣ್ಣಿಗೆ ಮಾತ್ರ ಜೊತೆಗಿರುವವರ ಕಣ್ಣು ಬೇಕು.

“ನೋವು ಆಗವಲ್ದೇನ್ರಿ?” ಎಂದು ಬಾಯಿಯವರು ಕೇಳಿದರು.

“ಇಲ್ರಿ,” ಎಂದರು ಉಸ್ತಾದರು. ಆ ಹೊತ್ತಿಗೆ ಅವರಿಗೂ ನಗು ಬರಲಿಲ್ಲ.

ಆಟೋ ಹುಡುಕಲು ಹೊರಟ ನನ್ನನ್ನು ತಡೆದು ಬಾಯಿಯವರು ಇಬ್ಬರನ್ನೂ ತಮ್ಮ ಕಾರಿನಲ್ಲೇ ಕೂರಿಸಿಕೊಂಡರು. ಹಿಂದಿನ ಸೀಟಿನಲ್ಲಿ ಬಟ್ಟೆ ಸುತ್ತಿದ ಆ ಪಾದ ನನ್ನ ತೊಡೆಯ ಮೇಲಿತ್ತು. ಮೆಹದಿಪಟ್ಟಣದ ಕಡೆ ಬರುವಾಗ ಒಂದು ಸಿಗ್ನಲ್ಲಿನಲ್ಲಿ ಟಪ್ ಎಂದು ಸದ್ದಾಯಿತು. ಬಾಯಿಯವರ ಕಾಲಿನ ಕೆಳಗೆ ಪೆಡಲ್ ನೆಲಕ್ಕೆ ಬಿದ್ದು ಅಲ್ಲೇ ಉಳಿಯಿತು. ಗಾಡಿ ಕುಪ್ಪಳಿಸಿ ಬಂದ್ ಆಯಿತು. ಹಿಂದೆ ಹಾರ್ನ್‌ಗಳ ಗಲಾಟೆ.

ಉಸ್ತಾದರು ಕಣ್ಣು ಮುಚ್ಚಿ ಒರಗಿದ್ದವರು, “ಕೇಬಲ್” ಎಂದರು. ಕಿವಿ ಇನ್ನೂ ಅವರದೇ ಆಗಿತ್ತು. “ನಾ ಬೆಣ್ಣಿ ಅಂದಿದ್ದೆ” ಎಂದರು. ಆಮೇಲೆ ನನ್ನ ಕಡೆ ನೋಡಿದರು. “ನಿನಗ ಗೊತ್ತಿತ್ತೇನು ಅಮರಾ?”

ನಾನು ಇಳಿದು ಓಡಿ, ಬಾಯಿಯವರಿಗೆ ಪಕ್ಕಕ್ಕೆ ಸರಿಯಲು ಹೇಳಿ ಚಾಲಕನ ಸೀಟಿನಲ್ಲಿ ಕೂತೆ. ಕ್ಲಚ್ ಇಲ್ಲದ ಗಾಡಿಯನ್ನು ಒಯ್ಯುವುದು ಹೀಗೆ: ಎಂಜಿನ್ ಬಂದ್ ಇರುವಾಗಲೇ ಮೊದಲ ಗೇರಿಗೆ ಹಾಕಿ, ಕೀಲಿ ತಿರುಗಿಸಿದರೆ ಗಾಡಿ ಕುಲುಕುತ್ತ ಮುಂದೆ ಹೋಗಿ ಚಾಲೂ ಆಗುತ್ತದೆ. ನಿಲ್ಲಬೇಕಾದಲ್ಲಿ ಮತ್ತೆ ಬಂದ್, ಮತ್ತೆ ಕೀಲಿ. ಇದನ್ನೂ ಕಲಿಸಿದವರು ಅವರೇ. ಪ್ರತಿ ಸಿಗ್ನಲ್ಲಿನಲ್ಲಿ ಗಾಡಿ ಕುಪ್ಪಳಿಸಿದಾಗ ಹಿಂದೆ ಅವರ ಪಾದ ಸೀಟಿಗೆ ಬಡಿಯುತ್ತಿತ್ತು. ಅವರು ಅಯ್ಯೋ ಎನ್ನಲಿಲ್ಲ. ಒಮ್ಮೆ ಅಯ್ಯೋ ಅಂದರೆ ಸಾಕಿತ್ತು ಎಂದು ನಾನು ಮನಸ್ಸಿನಲ್ಲೇ ಹರಕೆ ಹೊರುತ್ತಿದ್ದೆ.

ಆಸ್ಪತ್ರೆಯ ಡಾಕ್ಟರು ಸಣ್ಣ ವಯಸ್ಸಿನವರು. ಸಕ್ಕರೆ ಕಾಯಿಲೆ, ಬಹಳ ವರ್ಷದ್ದು ಎಂದರು. ಉಸ್ತಾದರು ಎಂದೂ ಪರೀಕ್ಷೆ ಮಾಡಿಸಿದವರಲ್ಲ. ಕಾಲಿನ ನರಗಳು ಸತ್ತಿವೆ ಎಂದು ವಿವರಿಸಿ ಡಾಕ್ಟರು ನನ್ನನ್ನು ಕೇಳಿದರು: “ಮೊದಲು ಕಾಲು ಜುಮುಜುಮು ಅಂದಿರಬೇಕು. ಆಮೇಲೆ ಏನೂ ಗೊತ್ತಾಗದಂತೆ ಆಗಿರಬೇಕು. ಇಷ್ಟು ದಿನ ಜೊತೆಗಿದ್ದವರು ಯಾರೂ ಗಮನಿಸಲಿಲ್ಲವಾ?” ಅವರು ಕೇಳಿದ್ದು ಹಿಂದಿಯಲ್ಲಿ. ನನ್ನ ಎದೆಯಲ್ಲಿ ಕೇಳಿಸಿದ್ದು ಹೀಗೆ.

ಮೊದಲು ಬೇರಿಂಗ್, ಆಮೇಲೆ ಬೆಣ್ಣೆ. ಜುಮ್ಮೆಂದದ್ದು ಗಾಡಿಯಲ್ಲ, ಅವರ ಕಾಲು. ಬೆಣ್ಣೆಯಾದದ್ದು ಪೆಡಲಲ್ಲ. ರೋಗಲಕ್ಷಣ ಎರಡನ್ನೂ ಅನುಕ್ರಮವಾಗಿ ನನ್ನ ಕಣ್ಣೆದುರು ಇಟ್ಟಿದ್ದರು, ಒಂದೊಂದು ಗಾಡಿಯ ಜೊತೆ. ಸಣ್ಣ ಸದ್ದಿನಿಂದ ದೋಷ ಹಿಡಿಯುವುದೇ ನನ್ನ ಕಸುಬು. ನಾನು ಹಿಡಿದದ್ದು ಅವರ ನಿಯತ್ತಿನ ದೋಷವನ್ನು. ಆ ಡಾಕ್ಟರಿಗೆ ನಾನು, “ಇಲ್ಲ ಸಾಬ್, ಯಾರೂ ನೋಡಲಿಲ್ಲ” ಎಂದೆ. ಅಲ್ಲಿಯೂ ಸುಳ್ಳು.

ಮೊದಲು ಬೆರಳುಗಳು ಹೋದವು. ಅಲ್ಲಿಗೆ ನಿಲ್ಲುತ್ತದೆ ಎಂದರು, ನಿಲ್ಲಲಿಲ್ಲ. ಮೊಣಕಾಲಿನ ಕೆಳಗೆ ತೆಗೆದರು.

ಚೇತರಿಸಿಕೊಂಡು ಗ್ಯಾರೇಜಿಗೆ ಬಂದ ದಿನ ಉಸ್ತಾದರು ಶೆಡ್ಡಿನ ನೆರಳಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ಎಡಕ್ಕೆ ಪೈಜಾಮ ಮಡಚಿ ಪಿನ್ನು ಹಾಕಿತ್ತು. ಬೇರೆ ಹುಡುಗರನ್ನು ಚಹಾಕ್ಕೆ ಕಳಿಸಿ ನನ್ನನ್ನು ಕರೆದರು.

“ಅವತ್ತು ಗಾಡ್ಯಾಗ ಕೇಳಿದ್ದೆ. ಜವಾಬ್ ಕೊಡಲಿಲ್ಲ ನೀ.”

“ಗೊತ್ತಿತ್ರಿ ಉಸ್ತಾದ್.”

“ಯಾವಾಗಿಂದ?”

ಹೇಳಿದೆ. ಬೇರಿಂಗ್ ಎಂದ ಗಾಡಿಗಳು, ಬೆಣ್ಣೆ ಎಂದ ಗಾಡಿಗಳು, ಗೋಡೆಯ ಹಿಂದೆ ನಾನು ಬದಲಿಸಿದ ಕೇಬಲುಗಳು, ಒಂದೂ ಬಿಡದೆ ಹೇಳಿದೆ. ನಿಯತ್ತಿನ ಬಗ್ಗೆ ಅಂದುಕೊಂಡದ್ದನ್ನೂ ಹೇಳಿದೆ. ಅವರು ತಡೆಯಲಿಲ್ಲ. ನಿಮ್ಮ ಮರ್ಯಾದಿ ಹೋಗಬಾರದು ಅಂತ ಸುಮ್ಮನಿದ್ದೆ ಎಂದಾಗ ಮಾತ್ರ ಕೈ ಎತ್ತಿದರು.

“ಅಷ್ಟೂ ಗಾಡಿ ರಿಪೇರಿ ಮಾಡಿದಿ. ನನ್ನೊಬ್ಬನ್ನ ಬಿಟ್ಟಿ.”

ಬೈದಿದ್ದರೆ, ಅಂದಿನ ಹಾಗೆ ಕೊಳೆ ಮ್ಯಾಟು ಹೊದಿಸಿ ಮೆರವಣಿಗೆ ಮಾಡಿದ್ದರೆ ಎಷ್ಟೋ ಮೇಲಿತ್ತು. ಅವರ ದನಿಯಲ್ಲಿ ಸಿಟ್ಟೇ ಇರಲಿಲ್ಲ. ನಾನು ಅವರ ಕುರ್ಚಿಯ ಪಕ್ಕ ನೆಲದ ಮೇಲೆ ಕೂತು ಅತ್ತೆ.

ಅದೇ ಹೊತ್ತಿಗೆ ನಳಿನಿಬಾಯಿಯವರ ಕಾರು ಒಳಗೆ ಬಂತು. ಕೇಬಲನ್ನು ನಾನು ಮೊದಲೇ ಹೊಸದು ಹಾಕಿದ್ದೆ. ಅವರು ಬಂದದ್ದು ಉಸ್ತಾದರನ್ನು ಕಾಣಲು, ಜೊತೆಗೆ ಒಂದು ಪ್ರಶ್ನೆ. ಪೆಡಲ್ ಮೊದಲಿಗಿಂತ ವಾಸಿ, ಆದರೂ ಪೂರ್ತಿ ಹಗುರವಾಗಿಲ್ಲ. ಅಪ್ಪನ ಗಾಡಿ, ಇಟ್ಟುಕೊಳ್ಳಲೋ ಮಾರಲೋ? ಉಸ್ತಾದರು ಕೋಲೂರಿ ಎದ್ದು ಕಾರಿನ ಬಾಗಿಲವರೆಗೆ ಬಂದರು. ಅಭ್ಯಾಸಬಲದಿಂದ ಬಲಗಾಲಿನ ಚಪ್ಪಲಿ ಕಳಚಿದರು. ಮತ್ತೆ ಮೆಟ್ಟಿಕೊಂಡರು.

“ಕೂಡು ಅಮರಾ. ಒತ್ತಿ ನೋಡು.”

“ನಾನೇನ್ರಿ?”

“ಮತ್ಯಾರು? ಚಪ್ಪಲಿ ಬಿಡು.”

ಉಸ್ತಾದರ ಎದುರು ಮೊದಲ ಸಲ ನಾನು ಬರಿಗಾಲನ್ನು ಕ್ಲಚ್ ಮೇಲಿಟ್ಟೆ. ಕಣ್ಣು ಮುಚ್ಚಿದೆ. ಉದ್ದಕ್ಕೂ ಒಂದೇ ಸಮ ಭಾರ. ಒಳಗಿನ ಪ್ರೆಶರ್ ಪ್ಲೇಟು ಸವೆದಿದೆ. ಗೇರ್‌ಬಾಕ್ಸ್ ಇಳಿಸಲೇಬೇಕು, ಇಳಿಸಿದ ಮೇಲೆ ಪ್ಲೇಟು, ಬೇರಿಂಗು ಎಲ್ಲ ಒಮ್ಮೆಗೇ ಹಾಕಬೇಕು. ಎಂಜಿನ್ ಮತ್ತು ತಳ ಗಟ್ಟಿ ಇರುವುದರಿಂದ ಆ ಖರ್ಚು ದಂಡವಲ್ಲ. ಇಷ್ಟನ್ನು ಬಾಯಿಯವರಿಗೆ ಆಮೇಲೆ ಮುಚ್ಚುಮರೆ ಇಲ್ಲದೆ ಹೇಳಿದೆ, ಅವರು ಗಾಡಿ ಇಟ್ಟುಕೊಂಡರು. ಆದರೆ ಕಣ್ಣು ತೆರೆದಾಗ ಎದುರಿಗೆ ಉಸ್ತಾದರು, ಒಂದು ಕಾಲಿನ ಮೇಲೆ, ನನ್ನ ಮುಖವನ್ನೇ ನೋಡುತ್ತ ನಿಂತಿದ್ದರು, ಒಂದು ಕಾಲದಲ್ಲಿ ನಾವು ಅವರ ಮುಖ ನೋಡುತ್ತಿದ್ದ ಹಾಗೆ.

“ಹೇಳು,” ಎಂದರು.

“ಇನ್ನೂ ಬಿಗಿ ಐತ್ರಿ ಉಸ್ತಾದ್.”

“ಹೂಂ,” ಎಂದರು. “ಈಗ ಹೇಳಾಕತ್ತಿ.”

ನಾನು ಇಳಿದು ಜಾಕ್ ತರಲು ಹೋದೆ.